ಡಾರ್ಕ್ ಏಂಜಲ್: 35 ನಿಮಿಷದ್ದೋ, 67 ನಿಮಿಷದ್ದೋ?

ಅಮೆರಿಕದ ಥ್ರಾಶ್ ಮೆಟಲ್ (ಅತಿವೇಗದ, ಅಬ್ಬರದ ರಾಕ್) ಬ್ಯಾಂಡ್ ಡಾರ್ಕ್ ಏಂಜಲ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಗೆಳೆಯನೊಬ್ಬ ಕೇಳಿದ. ಥಟ್ಟಂತ ಹೇಳೋಕೆ ಆಗಲಿಲ್ಲ. ಅದಕ್ಕೇ ಅವರ ಎರಡು ಆಲ್ಬಮ್‌ಗಳನ್ನು ಹತ್ತು ದಿನ, ಒಂದೇ ಹೆಡ್‌ಫೋನ್‌ನಲ್ಲಿ, ಒಂದಾದ ಮೇಲೆ ಒಂದು ಕೇಳಿದೆ.

ಮೊದಲನೆಯದು 1986ರ 'ಡಾರ್ಕ್‌ನೆಸ್ ಡಿಸೆಂಡ್ಸ್'. ಏಳು ಹಾಡು, ಸುಮಾರು 35 ನಿಮಿಷ. ಲಾಸ್ ಏಂಜಲೀಸ್ ಪಕ್ಕದ ಡೌನಿಯ ಹುಡುಗರು ಇವರು. ಆಲ್ಬಮ್ ಬಂದಾಗ ಇದೇ ಬಗೆಯ ಇನ್ನೊಂದು ಬ್ಯಾಂಡ್ ಸ್ಲೇಯರ್‌ನ 'ರೇನ್ ಇನ್ ಬ್ಲಡ್' ಆಲ್ಬಮ್ ಬಂದು ತಿಂಗಳಷ್ಟೇ ಆಗಿತ್ತು. ಪಾಪ, ಆ ನೆರಳಿನಿಂದ ಆಚೆ ಬರೋದು ಸುಲಭವಿರಲಿಲ್ಲ. ಆದರೆ ಡ್ರಮ್ಸ್ ಕೇಳಿ. ಜೀನ್ ಹೋಗ್ಲನ್‌ಗೆ ಆಗಿನ್ನೂ 19 ವರ್ಷ. 'ದಿ ಬರ್ನಿಂಗ್ ಆಫ್ ಸೊಡಮ್' ಶುರುವಾದರೆ ಉಸಿರಾಡೋಕೂ ಪುರುಸೊತ್ತು ಕೊಡುವುದಿಲ್ಲ. ನಾನು ಸುಮ್ನೆ ಕಾಲಲ್ಲಿ ತಾಳ ಹಾಕಲು ಹೋಗಿ ಅರ್ಧ ನಿಮಿಷಕ್ಕೇ ಮೀನಖಂಡ ಹಿಡಿದುಕೊಂಡೆ. ಗಾಯಕ ಡಾನ್ ಡಾಟಿಯದು ಹಾಡುವುದಕ್ಕಿಂತ ಕಿರುಚುವುದೇ ಜಾಸ್ತಿ, ಆ ವೇಗಕ್ಕೆ ಅದೇ ಸರಿ. ಒಂದೇ ತಕರಾರು: ಬೇಸ್ ಗಿಟಾರ್ ಎಲ್ಲೋ ಹೂತುಹೋಗಿದೆ.

ಎರಡನೆಯದು 1991ರ 'ಟೈಮ್ ಡಸ್ ನಾಟ್ ಹೀಲ್'. '9 ಹಾಡು, 67 ನಿಮಿಷ, 246 ರಿಫ್' ಅಂತಲೇ ಇದರ ಪ್ರಚಾರ ನಡೆದಿತ್ತು (ರಿಫ್ ಅಂದರೆ ಗಿಟಾರ್‌ನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ). ಹೌದಾ ನೋಡೋಣ ಅಂತ ಪೆನ್ಸಿಲ್ ಹಿಡಿದು ಕೂತೆ. ಮೊದಲ ಹಾಡಿನಲ್ಲೇ ಹತ್ತರ ಆಸುಪಾಸಿನಲ್ಲಿ ಲೆಕ್ಕ ತಪ್ಪಿತು. ಈಗ ಬಂದದ್ದು ಹೊಸ ರಿಫ್ಫೋ, ಹಿಂದಿನದರ ತಮ್ಮನೋ, ಗೊತ್ತಾಗಲ್ಲ! ಒಂದು ರಿಫ್ ಇಷ್ಟವಾಯಿತು ಅನ್ನುವಷ್ಟರಲ್ಲಿ ಅದು ಹೊರಟೇ ಹೋಗಿರುತ್ತದೆ. ಡಾಟಿ ಜಾಗಕ್ಕೆ ರಾನ್ ರೈನ್‌ಹಾರ್ಟ್ ಬಂದಿದ್ದಾರೆ, ಇವರ ದನಿಯಲ್ಲಿ ರಾಗವಿದೆ. ಸಾಹಿತ್ಯ ಹೋಗ್ಲನ್‌ದು: ರಾಕ್ಷಸರು, ಸಾವು ಬಿಟ್ಟು ಮಕ್ಕಳ ಮೇಲಿನ ದೌರ್ಜನ್ಯ, ಮನಸ್ಸಿನ ಗಾಯ ಅಂತ ಹೊರಳಿದೆ. ಟೆರ್ರಿ ಡೇಟ್ ಪ್ರೊಡಕ್ಷನ್, ಹಾಗಾಗಿ ಪ್ರತಿ ವಾದ್ಯವೂ ನಿಚ್ಚಳ. ಅದೇ ವರ್ಷ ಮೆಟಾಲಿಕಾ ಬ್ಯಾಂಡ್ ತನ್ನ ಹಾಡುಗಳನ್ನು ಮೊಟಕು ಮಾಡಿ ಲೋಕವನ್ನೇ ಗೆದ್ದಿತು. ಇವರು ತದ್ವಿರುದ್ಧ ದಾರಿ ಹಿಡಿದರು. ಮರುವರ್ಷ ಬ್ಯಾಂಡೇ ಒಡೆಯಿತು.

ನಡುವಿನ 1989ರ 'ಲೀವ್ ಸ್ಕಾರ್ಸ್' ಅನ್ನು ಪಂದ್ಯಕ್ಕೆ ಸೇರಿಸಲಿಲ್ಲ. ಅದರ ಸದ್ದು ನನ್ನ ಕಿವಿಗೆ ಕೆಸರು ಕೆಸರು.

ಗೆಳೆಯನಿಗೆ 1986ರದ್ದನ್ನೇ ಕಳಿಸಿದೆ. ಮೊದಲ ಸಲ ಕೇಳುವವನಿಗೆ ಹೊಡೆತ ಬೀಳಬೇಕಾದದ್ದು ಹಾಗೇ ಅಲ್ವಾ. ಆದರೆ ಹತ್ತನೇ ದಿನ ನಾನಾಗಿಯೇ ಒತ್ತಿದ್ದು 1991ರದ್ದನ್ನು. ಅದನ್ನು 67 ನಿಮಿಷ ಒಂದೇ ಪಟ್ಟಿಗೆ ಕೇಳಿದರೆ ತಲೆ ಕೆಡುತ್ತದೆ. ದಿನಕ್ಕೆ ಮೂರೇ ಹಾಡು, ಅದೂ ಬೇರೆ ಕೆಲಸ ಇಟ್ಟುಕೊಳ್ಳದೆ.