ಕಿಟಕಿ, ಎಕ್ಸಾಸ್ಟ್ ಫ್ಯಾನ್, ಚಿಮಣಿ, ಪ್ಯೂರಿಫೈಯರ್: ಮುಂಬಯಿ ಫ್ಲಾಟಿಗೆ ಯಾವುದು ಮೊದಲು?

ಚೆಂಬೂರಿನ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಇವೆಲ್ಲವನ್ನೂ ಬಳಸಿ ನೋಡಿದ್ದೇನೆ. ಯಾರಾದರೂ ಕೇಳಿದರೆ ಮೊದಲು ಅಡುಗೆಮನೆಗೆ ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಅನ್ನುತ್ತೇನೆ. ಪ್ಯೂರಿಫೈಯರ್ ಮಾತು ಆಮೇಲೆ.

ಮನೆಯೊಳಗಿನ ಗಾಳಿ ಜಾಸ್ತಿ ಕೆಡುವುದು ಒಲೆಯ ಹತ್ತಿರವೇ. ಗ್ಯಾಸ್ ಉರಿದರೆ ನೀರಾವಿ ಬರುತ್ತದೆ, ನೈಟ್ರೋಜನ್ ಡೈಆಕ್ಸೈಡ್ ಕೂಡ ಬರುತ್ತದೆ. ಸಿಲಿಂಡರ್ ಆದರೂ ಪೈಪ್ ಗ್ಯಾಸ್ ಆದರೂ ಅಷ್ಟೇ. ಜೊತೆಗೆ ಎಣ್ಣೆ ಹೊಗೆ. ಗಾಳಿ ಅಳೆಯುವ ಚಿಕ್ಕ ಮೀಟರ್ ಒಂದು ನಮ್ಮ ಕಟ್ಟೆಯ ಮೇಲಿದೆ. ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದ ಕೂಡಲೇ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳು, ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಅಂತ ಲೆಕ್ಕ) ಅಂಕಿ 40ರಿಂದ ಏರುತ್ತಾ 300 ದಾಟುತ್ತದೆ. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ 60; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 15. ಫ್ಯಾನ್ ಹಾಕದಿದ್ದರೆ ಎಲ್ಲರ ಊಟ ಮುಗಿದರೂ ಅಂಕಿ ಇಳಿಯುವುದಿಲ್ಲ. ಹಾಕಿದರೆ ಅನ್ನ ಬಸಿಯುವಷ್ಟರಲ್ಲಿ ಇಳಿದಿರುತ್ತದೆ. ಹಾಲ್‌ನ ಕಿಟಕಿ ಸ್ವಲ್ಪ ತೆಗೆದಿರಬೇಕು, ಅಷ್ಟೇ. ಒಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ನೆ ಸದ್ದು ಮಾಡುತ್ತದೆ.

ಚಿಮಣಿ ಇನ್ನೂ ಒಂದು ಕೈ ಮೇಲು. ಒಲೆಯ ಮೇಲೇ ಇರುವುದರಿಂದ ಹೊಗೆ ಹರಡುವ ಮೊದಲೇ ಹಿಡಿಯುತ್ತದೆ, ಗೋಡೆಗೆ ಜಿಡ್ಡು ಕೂರುವುದಿಲ್ಲ. ಆದರೆ ಪೈಪ್ ಮೂಲಕ ಹೊರಗೆ ಬಿಡುವ ಚಿಮಣಿ ಮಾತ್ರ. ಪೈಪ್ ಇಲ್ಲದ ಚಿಮಣಿ ಇದ್ದಿಲು ಫಿಲ್ಟರಿನಲ್ಲಿ ಸೋಸಿ ಅದೇ ಗಾಳಿಯನ್ನು ಅಡುಗೆಮನೆಗೇ ವಾಪಸ್ ಬಿಡುತ್ತದೆ. ವಾಸನೆ ಕಡಿಮೆಯಾಗುತ್ತದೆ, ಸೆಕೆ ಮತ್ತು ಆವಿ ಅಲ್ಲೇ ಉಳಿಯುತ್ತವೆ. ಮುಂಬಯಿಯ ಸೆಕೆಯಲ್ಲಿ ಅದು ಬೇಡವೇ ಬೇಡ. ಪೈಪ್ ಇದ್ದರೂ ಎಷ್ಟು ತಿರುವು ಅಂತ ನೋಡಿ. ಒಂದೊಂದು ತಿರುವಿಗೂ ಎಳೆಯುವ ಶಕ್ತಿ ಇಳಿಯುತ್ತದೆ, ಡಬ್ಬದ ಮೇಲೆ ಬರೆದ ಅಂಕಿ ಸಿಗುವುದಿಲ್ಲ.

ಎರಡಕ್ಕೂ ಶತ್ರು ಜಿಡ್ಡೇ. ಫ್ಯಾನಿನ ರೆಕ್ಕೆಯ ಅಂಚಿನಲ್ಲಿ ಅಂಟಂಟಾದ ಕಂದು ಪದರ ಕಟ್ಟುತ್ತದೆ, ಅದರ ಮೇಲೆ ಧೂಳು. ಆಮೇಲೆ ಫ್ಯಾನ್ ನಡುಗಲು ಶುರು. ಸ್ವಿಚ್ ಆಫ್ ಮಾಡಿ, ಪ್ಲಾಸ್ಟಿಕ್ ರೆಕ್ಕೆ ಬಿಚ್ಚಿ, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿ. ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದರೆ ಸಲೀಸಾಗಿ ಬಿಡುತ್ತದೆ. ಮೋಟರಿಗೆ ನೀರು ತಾಗಬಾರದು. ಚಿಮಣಿಯ ಅಲ್ಯೂಮಿನಿಯಂ ಜಾಲರಿಗೆ ಮಾತ್ರ ಸೋಡಾ ಬೇಡ, ಕಪ್ಪಾಗುತ್ತದೆ. ಪಾತ್ರೆ ಸೋಪು ಸಾಕು.

ಇನ್ನು ಕಿಟಕಿ. ಹುಬ್ಬಳ್ಳಿಯಿಂದ ಬಂದಾಗಲೆಲ್ಲ ನಮ್ಮತ್ತೆ, "ಕಿಡಕಿ ತಗೀರಿ, ಮನ್ಯಾಗ ಉಸ್ರು ಕಟ್ಟತೈತಿ" ಅನ್ನುತ್ತಾರೆ. ಅವರ ಮಾತು ನಿಜ. ಮಲಗುವ ಕೋಣೆಯಲ್ಲಿ ಸ್ಪ್ಲಿಟ್ ಎಸಿ ಹಾಕಿ ಬಾಗಿಲು ಮುಚ್ಚಿದರೆ ಬೆಳಗ್ಗೆ ಕಾರ್ಬನ್ ಡೈಆಕ್ಸೈಡ್ 2000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಲೆಕ್ಕ) ದಾಟಿರುತ್ತದೆ. ಹೊರಗಿನ ಗಾಳಿಯಲ್ಲಿರುವುದು ಸುಮಾರು 420. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಸುತ್ತಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಬಾಗಿಲು ನಾಲ್ಕು ಬೆರಳು ತೆಗೆದಿಟ್ಟರೂ ಬೆಳಗಿನ ತಲೆಭಾರ ಕಡಿಮೆ.

ಆದರೆ ಇಲ್ಲಿ ಕಿಟಕಿಗೂ ಕಾಲ ಇದೆ. ಮಳೆಗಾಲದಲ್ಲಿ ಹೊರಗಿನ ಗಾಳಿಯಲ್ಲಿ ಧೂಳು ಕಡಿಮೆ, ಪಸೆ ಜಾಸ್ತಿ. ಮನೆಯೊಳಗೇ ಬಟ್ಟೆ ಒಣಹಾಕಿದರೆ ಕಪಾಟಿನ ಹಿಂದೆ ಬೂಷ್ಟು, ಸೀರೆಗಳಿಗೆ ಮುಗ್ಗಲು ವಾಸನೆ. ಕಪಾಟನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಸರಿಸಿ. ಎಸಿಯ ಡ್ರೈ ಮೋಡ್ ಆಗ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಉಲ್ಟಾ. ಬೆಳಗ್ಗೆ ಗಾಳಿ ಅಲ್ಲಾಡುವುದಿಲ್ಲ, ಹೊಗೆ ಧೂಳು ನೆಲಕ್ಕೇ ಕೂತಿರುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಬೀಸಲು ಶುರುವಾದ ಮೇಲೆ ಕಿಟಕಿ ತೆಗೆಯುವುದು ವಾಸಿ.

ಪ್ಯೂರಿಫೈಯರಿಗೆ ಕೆಲಸ ಇರುವುದು ಆ ತಿಂಗಳುಗಳಲ್ಲೇ. ಪಕ್ಕದ ಸೊಸೈಟಿಯ ರೀಡೆವಲಪ್‌ಮೆಂಟ್, ಅಂದರೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ ಕೆಲಸ, ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಹೆಪಾ ಫಿಲ್ಟರ್ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ. ಕಾರ್ಬನ್ ಡೈಆಕ್ಸೈಡ್, ಪಸೆ ಎರಡನ್ನೂ ಮುಟ್ಟುವುದಿಲ್ಲ. 10ಕ್ಕೆ 12 ಅಡಿಯ, 9 ಅಡಿ ಎತ್ತರದ ಕೋಣೆ ಅಂದರೆ ಸುಮಾರು 30 ಘನ ಮೀಟರ್. ಗಂಟೆಗೆ 5 ಸಲ ಸೋಸಲು 150 ಸಿಎಡಿಆರ್ (ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಅಂಕಿ) ಸಾಕು, ದೊಡ್ಡದಕ್ಕೆ ದುಡ್ಡು ಸುರಿಯಬೇಡಿ. ಹೊರಗಿನ ಜಾಲರಿಯ ಧೂಳು ಆಗಾಗ ತೆಗೆಯಿರಿ. ಹೆಪಾ ಫಿಲ್ಟರನ್ನು ತೊಳೆಯಬೇಡಿ. ಅಡುಗೆಮನೆಯಲ್ಲಂತೂ ಇಡಲೇಬೇಡಿ, ಜಿಡ್ಡಿಗೆ ಫಿಲ್ಟರ್ ಬೇಗ ಹಾಳಾಗುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದರೆ ದಯವಿಟ್ಟು ಹೊರಗೆ ಹಾಕಿಸಿ. ಅದರ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಹೊರಗೆ ಹಾಕಿಸುವವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಚಳಿ ಅಂತ ಬಾತ್‌ರೂಮಿನ ಗಾಜಿನ ಪಟ್ಟಿಗಳನ್ನು ಮುಚ್ಚಬೇಡಿ.