ಲ್ಯಾಪ್‌ಟಾಪ್ ಹಳೇ ಬ್ಯಾಟರಿ ಒಯ್ಯೋ ವ್ಯಾನ್ ಸರ್ವಿಸ್ (ಪುಣೆ): ಭಾಳ ದಿನ ಬಳಸಿದ ಮ್ಯಾಲೆ

ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರೀನ ಕಬ್ಬಿಣದ ಸಾಮಾನು ತುಂಬಿದ ಗೋಣಿಚೀಲಕ್ಕ ಒಗಿಯೋ ಸರ್ವಿಸಿಗೆ ನಾ ಐದು ಸ್ಟಾರ್ ಕೊಡೂದಿಲ್ರಿ, ಅವರ ಆ್ಯಪ್ ಎಷ್ಟು ಚಂದ ಇದ್ರೂ, ವ್ಯಾನ್ ಹೇಳಿದ ಟೈಮಿಗೆ ಬಂದ್ರೂ. ಹೆಸರು ಬರಿಯೂದಿಲ್ಲ, ಯಾಕಂದ್ರ ಪುಣೆದಾಗ ಮನಿ ಬಾಗಲಿಗೆ ಬಂದು ಹಳೇ ಎಲೆಕ್ಟ್ರಾನಿಕ್ ಸಾಮಾನು ಒಯ್ಯೋರು ಈಗ ಭಾಳ ಮಂದಿ ಆಗ್ಯಾರ, ನನ್ನ ತಕರಾರು ಎಲ್ಲಾರೂ ಕೇಳೋ ಹಂಗ ಇರ್ಲಿ. ಟಿವಿ, ಮಿಕ್ಸರ್, ಪ್ರಿಂಟರ್ ಹೆಂಗ ಒಯ್ತಾರ ಅನ್ನೂದನ್ನ ಬ್ಯಾರೆಯವರು ಬೇಕಾದಷ್ಟು ಬರದಾರ, ನಾ ಬರೇ ಬ್ಯಾಟರಿ ಬಗ್ಗೆ ಬರೀತೀನಿ.

ನಮ್ಮನ್ಯಾಗ ಇಷ್ಟು ಬ್ಯಾಟರಿ ಎಲ್ಲಿಂದ ಬರ್ತಾವ ಅಂದ್ರ, ನಾ ಮನಿಯಿಂದನ ಜಿಎಸ್‌ಟಿ ರಿಟರ್ನ್ ತುಂಬೋ ಕೆಲಸ ಮಾಡ್ತೀನಿ, ಯಜಮಾನ್ರದೂ ಲ್ಯಾಪ್‌ಟಾಪ್ ಕೆಲಸ, ಮಗಂದು ಕಾಲೇಜು. ಮೂವರಿಗೂ ಹೊಸಾ ಮಷಿನ್ ತಗೊಳ್ಳೋ ಬಜೆಟ್ ಇಲ್ಲ, ಹಂಗಾಗಿ ಸೆಕೆಂಡ್ ಹ್ಯಾಂಡ್ ತಗೊಂಡು, ಬ್ಯಾಟರಿ ಕೂತಾಗ ಬುಧವಾರ ಪೇಟೆಯ ತಾಪಕೀರ ಗಲ್ಲಿಗೆ ಹೋಗಿ ಎರಡು ಸಾವಿರದ ಆಸುಪಾಸಿನ ಬ್ಯಾಟರಿ ಹಾಕಿಸಿ ಮುಂದ ನಡಸ್ತೀವಿ. ಕಂಪನಿ ಬ್ಯಾಟರಿ ಅಲ್ಲದಿದ್ದಕ್ಕ ಕೆಲವು ಜಲ್ದಿನೂ ಹೋಗ್ತಾವ. ಇದರ ಮ್ಯಾಲೆ ಎರಂಡವಣೆದಾಗ ಕನ್ನಡ ಸಂಘದ ಕಾರ್ಯಕ್ರಮಕ್ಕ ಹೋದಾಗ ಗುರುತಿನವರು ಪ್ಲಾಸ್ಟಿಕ್ ಚೀಲದಾಗ ಸುತ್ತಿ "ವೈನಿ, ಇದೊಂದು ನಿಮ್ಮ ವ್ಯಾನಿಗೆ ಹಾಕಿಬಿಡ್ರಿ" ಅಂತ ಕೈಗೆ ಕೊಡ್ತಾರ. ನಾ ಬ್ಯಾಡ ಅನ್ನೂದಿಲ್ಲ. ನಾ ಬ್ಯಾಡ ಅಂದ್ರ ಅದು ಒಣ ಕಸದ ಡಬ್ಬಿಗೇ ಹೋಗ್ತದ ಅಂತ ನನಗ ಗೊತ್ತದ, ಮತ್ತ ಒಣ ಕಸ ನಮ್ಮ ಊರಾಗ ಮಷಿನ್ ಅಲ್ಲ, ಸ್ವಚ್ಛ್ ಅನ್ನೋ ಕಸ ಆರಿಸೋರ ಸಹಕಾರಿ ಸಂಘದ ಹೆಣ್ಮಕ್ಕಳು ಕೈಲೇ ಬಿಡಿಸ್ತಾರ. ಅವರ ಕೈಯಾಗ ಅದು ಹೊತ್ತಿದ್ರ ಏನು ಗತಿ?

ವ್ಯಾನ್ ಬರೋ ಹಿಂದಿನ ದಿನ ರಾತ್ರಿ ಊಟ ಆದ ಮ್ಯಾಲೆ ನನ್ನ ಕೆಲಸ ಶುರು. ಈ ಕೆಲಸ ನನಗ ಖರೇನ ಸೇರ್ತದ. ಬಾಲ್ಕನ್ಯಾಗ ಬಿಸಿಲು ಬೀಳದ ಮೂಲ್ಯಾಗ ಒಂದು ದೊಡ್ಡ ಮಣ್ಣಿನ ಗಡಿಗಿ ಇಟ್ಟೀನಿ, ಅದರಾಗ ಒಣ ಉಸುಕು, ಉಸುಕಿನ ಮ್ಯಾಲೆ ಬ್ಯಾಟರಿ. ಸ್ಟೀಲ್ ಡಬ್ಬಿ ಬ್ಯಾಡ, ಅದರಾಗ ಕರೆಂಟ್ ಹರೀತದ, ಗಟ್ಟಿ ಮುಚ್ಚಳದ್ದಂತೂ ಬ್ಯಾಡೇ ಬ್ಯಾಡ. ಒಂದೊಂದನ್ನ ತಗದು ಅದರ ಕನೆಕ್ಟರ್‌ಗೆ ಕರೇ ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತತೀನಿ, ವೈರ್ ಇದ್ರ ಅದನ್ನ ಕತ್ತರಿಸೂದಿಲ್ಲ, ಮಡಚಿ ಟೇಪ್ ಹಚ್ತೀನಿ, ಯಾಕಂದ್ರ ಎರಡು ವೈರ್ ಒಮ್ಮೆಲೇ ಕತ್ತರಿಸಿದ್ರ ಕತ್ತರಿನ ಶಾರ್ಟ್ ಮಾಡಿಬಿಡ್ತದ. ಆಮ್ಯಾಲೆ ಒಂದೊಂದೂ ಬ್ಯಾರೆ ಬ್ಯಾರೆ ಕಾಗದದ ಕವರಿನ್ಯಾಗ, ಮ್ಯಾಲೆ ಮಾರ್ಕರ್‌ಲೆ ಮಾಡೆಲ್, ತಿಂಗಳು, ಮತ್ತ ಉಬ್ಬಿದ್ರ ದೊಡ್ಡ ಅಕ್ಷರದಾಗ "ಉಬ್ಬೇದ". ಪೂರಿ ಹಂಗ ಉಬ್ಬಿದ್ದನ್ನ ಕಂಡ್ರ ಕೆಲವರಿಗೆ ಒತ್ತಿ ನೋಡೋ ಚಟ, ಸೂಜಿ ಚುಚ್ಚಿ ಗ್ಯಾಸ್ ತಗದ್ರ ಸರಿ ಆಗ್ತದ ಅಂತ ಹೇಳೋರೂ ಅದಾರ. ದಯಮಾಡಿ ಹಂಗ ಮಾಡಬ್ಯಾಡ್ರಿ. ಅದಕ್ಕ ಮತ್ತ ಚಾರ್ಜ್ ಹಚ್ಚೂದೂ ಬ್ಯಾಡ. ಉಬ್ಬದ ಬ್ಯಾಟರಿ ಆದ್ರ ಮಾತ್ರ ತಗಿಯೂಕಿಂತ ಮೊದಲ ಲ್ಯಾಪ್‌ಟಾಪ್ ನಡಸಿ ಚಾರ್ಜ್ ಕಮ್ಮಿ ಮಾಡಿಟ್ರ ಛಲೋ, ತುಂಬಿದ ಬ್ಯಾಟರಿ ಹೊತ್ತಿದ್ರ ಜೋರಾಗಿ ಹೊತ್ತತದ.

ಯಾಕ ಇಷ್ಟು ಹೆದರಿಕಿ ಅಂದ್ರ, ಬ್ಯಾಟರಿ ಅಂದ್ರ ಕೆಲವು ಸೆಲ್ ಕೂಡಿಸಿದ್ದು, ಒಂದೊಂದು ಸೆಲ್ಲಿನ ಒಳಗ ಒಂದು ತಾಮ್ರದ ಹಾಳಿ, ಅದರ ಮ್ಯಾಲೆ ಗ್ರಾಫೈಟ್. ಇನ್ನೊಂದು ಅಲ್ಯೂಮಿನಿಯಂ ಹಾಳಿ, ಅದರ ಮ್ಯಾಲೆ ಕೋಬಾಲ್ಟ್, ನಿಕ್ಕಲ್ ಇಂಥವು ಇರೋ ಲಿಥಿಯಂ ಪುಡಿ. ನಡಕ ಸುಮಾರು 20 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರಿ ಅಷ್ಟ, ಮತ್ತ ಬೆಂಕಿ ಹಿಡಿಯೋ ದ್ರಾವಣ. ಕಸದ ಗಾಡಿ ಕಸಾನ ಒತ್ತಿ ಅಮುಕಿದಾಗ, ಅಥವಾ ಮೊಳೆ ಚುಚ್ಚಿದಾಗ ಆ ಪೊರಿ ಹರೀತದ, ಒಳಗ ಶಾರ್ಟ್ ಆಗ್ತದ, ಒಂದು ಸೆಲ್ಲಿನ ಕಾವು ಬಾಜೂ ಸೆಲ್ಲಿಗೆ ಹತ್ತಿ ಸಾಲಾಗಿ ಹೋಗ್ತಾವ. ಉರುಳಿ ದೇವಾಚಿ ಕಡೆ ಊರಿನ ಕಸ ಬಿದ್ದಿದ್ದನ್ನ ನೋಡಿದವರಿಗೆ ಅಂಥಾ ರಾಶ್ಯಾಗ ಇದು ಸೇರಿದ್ರ ಏನಾಗ್ತದ ಅಂತ ಹೇಳೂ ಕಾರಣ ಇಲ್ಲ.

ಈಗ ತಿಳೀತಲ್ಲ ಆ ಗೋಣಿಚೀಲ ಕಂಡು ನನಗ ಯಾಕ ಸಿಟ್ಟು ಬಂತು ಅಂತ. ನಾ ಇಷ್ಟು ಕಾಳಜಿಲೆ ಕವರಿಗೆ ಹಾಕಿ ಕೊಟ್ಟದ್ದನ್ನ ವ್ಯಾನದವರು ಕವರ್ ಸಮೇತ ಮಷಿನ್ ಬಾಡಿ, ಸ್ಕ್ರೂ, ತಂತಿ ಇರೋ ಚೀಲಕ್ಕ ಒಗದ್ರು, ಮ್ಯಾಲೆ ಒಂದು ಹಳೇ ಯುಪಿಎಸ್ ಹೇರಿದ್ರು. ಕೇಳಿದ್ರ "ಗೋಡೌನದಾಗ ಬಿಡಿಸ್ತಾರ ಮ್ಯಾಡಮ್". ಗೋಡೌನ್ ತನಕ ಮುಟ್ಟಬೇಕಲ್ಲ! ಆ್ಯಪಿನ್ಯಾಗ ಕಂಪ್ಲೇಂಟ್ ಹಾಕಿದ್ರ ನಿಮ್ಮ ಅಭಿಪ್ರಾಯಕ್ಕ ಧನ್ಯವಾದ ಅಂತ ಒಂದು ರೆಡಿಮೇಡ್ ಉತ್ತರ ಬಂತು, ಭಾಳ ಬ್ಯಾಸರ ಆತು. ಬಾಜೂ ಮನಿ ಕಾಕೂ ಅಂದ್ರು, ಅದಕ್ಕಿಂತ ಭಂಗಾರದವನಿಗೆ (ಗುಜರಿಯವನಿಗೆ) ಹಾಕು, ರೊಕ್ಕನಾದ್ರೂ ಬರ್ತದ. ರೊಕ್ಕ ಬರ್ತದ ಖರೆ, ಆದ್ರ ಅವ ಪ್ಯಾಕ್ ಒಡದು ಒಳಗಿನ ಸೆಲ್ ಮಾರ್ತಾನ. ಹಳೇ ದಪ್ಪ ಬ್ಯಾಟರ್‍ಯಾಗ ಇರೋ 18650 ಸೆಲ್, 18 ಮಿ.ಮೀ. ಅಗಲ 65 ಮಿ.ಮೀ. ಉದ್ದದ್ದು, ಪರೀಕ್ಷೆ ಇಲ್ಲದ ಅಗ್ಗದ ಪವರ್ ಬ್ಯಾಂಕಿನ್ಯಾಗ ಕೂಡ್ತಾವ, ಆ ಪವರ್ ಬ್ಯಾಂಕ್ ಯಾರೋ ಹುಡುಗರ ದಿಂಬಿನ ಬಾಜೂಕ ಇರ್ತದ. ಆ ರೊಕ್ಕ ನನಗ ಬ್ಯಾಡ.

ಅದರ ಮುಂದ ವ್ಯಾನಿಗೆ ಹೊಸಾ ಹುಡುಗ ಬಂದ, ಅಲ್ಲಿಂದ ನನ್ನ ಅಭಿಪ್ರಾಯ ಬದಲಾತು. ನಾ ಯಜಮಾನ್ರ ಜೋಡಿ ಕನ್ನಡದಾಗ ಮಾತಾಡೂದು ಕೇಳಿ "ಅಕ್ಕಾರ, ನೀವು ನಮ್ಮ ಕಡೆಯವರೇನ್ರಿ?" ಅಂದ, ನೋಡಿದ್ರ ವಿಜಯಪುರ ಜಿಲ್ಲೆ ಇಂಡಿ ಕಡೆಯವ. ಕವರ್ ಮ್ಯಾಲೆ ಕನ್ನಡದಾಗ "ಉಬ್ಬೇದ" ಅಂತ ಬರದಿದ್ದನ್ನ ತಾನ ಓದಿ ಬ್ಯಾರೆ ಇಟ್ಟ. ನಾ ಚೀಲದ ವಿಷಯ ತಗದಾಗ ಅವನ ಹೇಳಿದ, ಹಿಂದ ಒಮ್ಮೆ ವ್ಯಾನದಾಗ ಹೊಗಿ ಎದ್ದು ಡ್ರೈವರ್ ರಸ್ತೆ ಬಾಜೂ ನಿಲ್ಲಿಸಿ ಚೀಲ ಕೆಳಗ ಎಳದು ಹಾಕಿದ್ನಂತ, ಪುಣ್ಯಾಕ್ಕ ಯಾರಿಗೂ ಏನೂ ಆಗಲಿಲ್ಲ. ಆಮ್ಯಾಲೆ ಬಂದದ್ದು ನೀಲಿ ಪ್ಲಾಸ್ಟಿಕ್ ಡ್ರಮ್ಮು, ತಳಕ್ಕ ಉಸುಕು, ಬ್ಯಾಟರಿಗೆ ಅಂತನ ಬ್ಯಾರೆ. ಈಗ ಅವ ಬಂದ್ರ ಟೇಪ್ ಸುತ್ತಿದ್ದು ಸಡಿಲ ಅದನೋ ಏನೋ ನೋಡಿ, ಒಂದೊಂದನ್ನ ಕೈಲೇ ಇಳಿಸಿ ಇಡ್ತಾನ, ಒಗಿಯೂದಿಲ್ಲ. ನಾ ಅವನಿಗೆ ಮಜ್ಜಿಗಿ ಕೊಡ್ತೀನಿ, ಅವ ನನಗ ಇಂಡಿ ಲಿಂಬಿಹಣ್ಣಿನ ರೇಟ್ ಹೇಳ್ತಾನ. ಇಡೀ ಸರ್ವಿಸಿನ್ಯಾಗ ಇದಕ್ಕಿಂತ ಛಲೋ ಸಂಗತಿ ನಾ ಕಂಡಿಲ್ಲ.

ಉಳಿದ ತಕರಾರು ಒಂದೇ, ರಸೀದಿ. ಅದರಾಗ "ಮಿಶ್ರ ಇ-ತ್ಯಾಜ್ಯ" ಅಂತ ತೂಕ ಬರದು ಮುಗಸ್ತಾರ. ಬ್ಯಾಟರಿ ಇ-ತ್ಯಾಜ್ಯದ ನಿಯಮದಾಗ ಬರೂದೇ ಇಲ್ರಿ. 2022ರ ಆಗಸ್ಟ್‌ದಾಗ ಅದಕ್ಕ ಬ್ಯಾರೆನ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಬಂದಾವ. ಬ್ಯಾಟರಿ ಮಾಡೋರು, ಹೊರಗಿಂದ ತರಸೋರು ಇಬ್ಬರೂ ಹಳೇದನ್ನ ವಾಪಸ್ ತಗೊಂಡು ರೀಸೈಕಲ್ ಮಾಡಿಸೂದಕ್ಕ ಜವಾಬ್ದಾರರು, ನಾವು ಬಳಸೋರು ಮನಿ ಕಸದಾಗ ಕೂಡಿಸದ ಬ್ಯಾರೆ ಕೊಡಬೇಕು, ಬ್ಯಾಟರಿ ಮ್ಯಾಲೆ ಕಸದ ಡಬ್ಬಿಗೆ ಅಡ್ಡಗೆರಿ ಹೊಡದ ಗುರ್ತು ಇರೂದು ಅದಕ್ಕ. ಲ್ಯಾಪ್‌ಟಾಪಿನಂಥ ಸಣ್ಣ ಬ್ಯಾಟರಿಯಿಂದ 2024-25ರಾಗ ಕನಿಷ್ಠ 70, 2025-26ರಾಗ 80, 2026-27ರಿಂದ 90 ಪರ್ಸೆಂಟ್ ಸಾಮಗ್ರಿ ವಾಪಸ್ ತಗೀಬೇಕು ಅಂತ ಲೆಕ್ಕಾನೂ ಹಾಕ್ಯಾರ. ಪುಡಿ ಮಾಡಿ, ತಾಮ್ರ ಅಲ್ಯೂಮಿನಿಯಂ ಬ್ಯಾರೆ ಮಾಡಿ, ಉಳಿದ ಕರೇ ಪುಡಿನ ಆಮ್ಲದಾಗ ಕರಗಿಸಿ ಕೋಬಾಲ್ಟ್, ನಿಕ್ಕಲ್, ಲಿಥಿಯಂ ತಗೀತಾರ. ಜಗತ್ತಿನ ಕೋಬಾಲ್ಟಿನ ಅರ್ಧಕ್ಕಿಂತ ಹೆಚ್ಚು ಕಾಂಗೋ ದೇಶದ ಗಣಿಯಿಂದ ಬರ್ತದ, ಅಷ್ಟು ದೂರದಿಂದ, ಅಷ್ಟು ಮಂದಿ ಕಷ್ಟದಿಂದ ಬಂದದ್ದು ನಮ್ಮ ಕಸದಾಗ ಹೂತು ಹೋಗಬಾರದು ಅಂತ ನನಗ ಅನಸ್ತದ.

ಅದಕ್ಕ ರಸೀದಿ ಮ್ಯಾಲೆ "ಲಿಥಿಯಂ ಬ್ಯಾಟರಿ, ಇಷ್ಟು ತೂಕ, ಇಂಥ ನೋಂದಾಯಿತ ರೀಸೈಕ್ಲರ್‌ಗೆ" ಅಂತ ಬರೀರಿ ಅಂತ ಕೇಳ್ಕೋತ ಬಂದೀನಿ. ನೋಂದಣಿ ಆದವರ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪೋರ್ಟಲ್‌ದಾಗ ಸಿಗ್ತದ, ಹೆಸರು ಗೊತ್ತಾದ್ರ ನಾವ ತಾಳೆ ನೋಡಬಹುದು. ಸದ್ಯಕ್ಕ ಮೂರು ಸ್ಟಾರ್. ಡ್ರಮ್ಮಿಗೆ ಒಂದು, ಟೈಮಿಗೆ ಒಂದು, ಇಂಡಿ ಹುಡುಗನಿಗೆ ಒಂದು. ರಸೀದಿ ಸರಿ ಆದ ದಿನ ನಾಕನೇದು ಏರಸ್ತೀನಿ.