ಸಾಲ ಒಂದೇ ದಿನದಲ್ಲಿ ತೀರಿತು, ಪತ್ರಕ್ಕೆ 28 ದಿನ ಬೇಕಾಯಿತು: ಗೃಹಸಾಲ ಮುಕ್ತಾಯ ಸೇವೆಯ ವಿಮರ್ಶೆ

ಬೆಂಗಳೂರಿನ ಬನಶಂಕರಿ 6ನೇ ಹಂತದಲ್ಲಿದ್ದ ಎರಡು ಕೋಣೆಯ ಫ್ಲ್ಯಾಟನ್ನು ಮಾರಿ, ಅದರ ಮೇಲಿದ್ದ ಗೃಹಸಾಲವನ್ನೂ ಬೇರೊಂದು ಕಡೆಯ ವೈಯಕ್ತಿಕ ಸಾಲವನ್ನೂ ಚುಕ್ತಾ ಮಾಡಿ, ಸಂಸಾರವನ್ನು ಮೈಸೂರಿಗೆ ಸಾಗಿಸುವ ಕೆಲಸದಲ್ಲಿ 2025ರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಕಳೆದವು. ಈ ವಿಮರ್ಶೆ ಮುಖ್ಯವಾಗಿ ನನಗೆ ಗೃಹಸಾಲ ಕೊಟ್ಟಿದ್ದ ಸರ್ಕಾರಿ ವಲಯದ ಬ್ಯಾಂಕಿನ ಸಾಲ ಮುಕ್ತಾಯ ಸೇವೆಯನ್ನು ಕುರಿತದ್ದು. ಬ್ಯಾಂಕಿನ ಹೆಸರನ್ನು ಬರೆಯುತ್ತಿಲ್ಲ. ಇತರ ಬ್ಯಾಂಕುಗಳ ಗ್ರಾಹಕರಾದ ಸ್ನೇಹಿತರೂ ಹೆಚ್ಚುಕಡಿಮೆ ಇದೇ ಕಥೆ ಹೇಳುವುದರಿಂದ ಹೆಸರು ಬರೆದು ಆಗುವ ಲಾಭವೂ ಕಡಿಮೆ. ಅಂಕ ಕೊಡಲೇಬೇಕೆಂದರೆ ಐದಕ್ಕೆ ಎರಡು ಕೊಡುತ್ತೇನೆ, ಆ ಎರಡೂ ಹಣ ತೆಗೆದುಕೊಳ್ಳುವಾಗಿನ ಅಚ್ಚುಕಟ್ಟಿಗೆ ಸಲ್ಲುತ್ತವೆ.

ಲೆಕ್ಕ ಹೀಗಿತ್ತು. 2016ರಲ್ಲಿ 20 ವರ್ಷಗಳ ಅವಧಿಗೆ, ಶೇ. 9.5ರ ಬಡ್ಡಿಗೆ 32 ಲಕ್ಷ ರೂಪಾಯಿ ಸಾಲ ಪಡೆದಿದ್ದೆ. ತಿಂಗಳ ಕಂತು 29,828 ರೂಪಾಯಿ. ಒಂಬತ್ತು ವರ್ಷ ತಪ್ಪದೆ ಕಟ್ಟಿದ ಮೇಲೆ ಕೂಡಿಸಿ ನೋಡಿದರೆ, ಕಟ್ಟಿದ್ದು ಸಾಲದಷ್ಟೇ, ಅಂದರೆ ಸುಮಾರು 32 ಲಕ್ಷ. ಬಾಕಿ ಇನ್ನೂ 21.6 ಲಕ್ಷ. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, 2022ರ ಮೇ ತಿಂಗಳಿಂದ ಏರುತ್ತ 2023ರ ಫೆಬ್ರುವರಿಗೆ ಶೇ. 6.5 ಮುಟ್ಟಿದಾಗ ನನ್ನ ಕಂತು ಬದಲಾಗಿರಲಿಲ್ಲವೆಂದು ಸಮಾಧಾನಪಟ್ಟಿದ್ದೆ. ಕಂತಿನ ಬದಲು ಸಾಲದ ಅವಧಿ ಸದ್ದಿಲ್ಲದೆ ಹಿಗ್ಗಿತ್ತು ಎಂಬುದು ಮುಕ್ತಾಯದ ಲೆಕ್ಕ ಕೇಳಿದಾಗಲೇ ತಿಳಿದದ್ದು. ಹೀಗಾಗದಂತೆ, ಬಡ್ಡಿ ಏರಿದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಆದೇಶಿಸಿತು, ಆದರೆ ನನ್ನ ಮಟ್ಟಿಗೆ ಅಷ್ಟರಲ್ಲಿ ಏರಿಕೆಯ ಕಾಲವೇ ಮುಗಿದಿತ್ತು.

ಇದರ ಜೊತೆಗೆ 2023ರ ಏಪ್ರಿಲ್‌ನಲ್ಲಿ ಮನೆಯವರ ಶಸ್ತ್ರಚಿಕಿತ್ಸೆಗೆಂದು ಒಂದು ಖಾಸಗಿ ಬ್ಯಾಂಕಿನಿಂದ ಶೇ. 13.5ರ ಸ್ಥಿರ ಬಡ್ಡಿಗೆ, ಐದು ವರ್ಷಕ್ಕೆ 6 ಲಕ್ಷ ತಂದಿದ್ದೆ. 26 ಕಂತು ಕಟ್ಟಿದ ಮೇಲೆ ಉಳಿದದ್ದು 3.88 ಲಕ್ಷ. ಅವಧಿಗೆ ಮುನ್ನ ತೀರಿಸಿದರೆ ಶೇ. 3 ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 13,735 ರೂಪಾಯಿ ದಂಡ. ದಂಡದ ಹೆಸರು ಕೇಳಿದೊಡನೆ ಹಿಂದೆ ಸರಿಯುವವರೇ ಹೆಚ್ಚು. ಆದರೆ ಉಳಿದ 34 ಕಂತುಗಳಲ್ಲಿ ಅಡಗಿದ್ದ ಬಡ್ಡಿ 81 ಸಾವಿರಕ್ಕೂ ಮಿಕ್ಕಿತ್ತಾದ್ದರಿಂದ ದಂಡ ಕಟ್ಟಿ ಕೈತೊಳೆದುಕೊಳ್ಳುವುದೇ ಲಾಭವೆಂದು ತೀರ್ಮಾನಿಸಿದೆ.

ಫ್ಲ್ಯಾಟಿನ ಬೆಲೆ 68 ಲಕ್ಷಕ್ಕೆ ಕುದುರಿ, ಆಷಾಢ ಕಾಲಿಡುವ ಮೊದಲೇ, ಜೂನ್ 20ರಂದು ಕ್ರಯದ ಕರಾರು ಆಗಿ, 6.8 ಲಕ್ಷ ಮುಂಗಡ ಕೈಗೆ ಬಂತು. ಆ ಮುಂಗಡದಿಂದಲೇ ವೈಯಕ್ತಿಕ ಸಾಲ ತೀರಿಸುತ್ತೇನೆಂದಾಗ ಹೆಂಡತಿ ಬೇಡವೆಂದಳು. ಕೊಳ್ಳುವವರ ಸಾಲ ಮಂಜೂರಾಗದೆ ವ್ಯವಹಾರ ಮುರಿದರೆ ಹಿಂದಿರುಗಿಸಲು ಹಣ ಎಲ್ಲಿಂದ ತರುವುದು ಎಂಬ ಆಕೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಬ್ಯಾಂಕಿನ ಮಂಜೂರಾತಿ ಪತ್ರವನ್ನು ಕಣ್ಣಾರೆ ಕಂಡ ಮೇಲಷ್ಟೇ ಕಟ್ಟಿದೆ. ಹತ್ತು ದಿನದ ಆ ಕಾಯುವಿಕೆಗೆ ತೆತ್ತ ಬಡ್ಡಿ ಸುಮಾರು 1,400 ರೂಪಾಯಿ, ಅದನ್ನು ನಿದ್ರೆಯ ಬೆಲೆಯೆಂದೇ ಭಾವಿಸಿದ್ದೇನೆ. ಖಾಸಗಿ ಬ್ಯಾಂಕಿನ ಸೇವೆಯ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ: ಹಣ ಕಟ್ಟಿದ ನಾಲ್ಕನೆಯ ದಿನ ಋಣಮುಕ್ತ ಪತ್ರ ಇಮೇಲ್‌ಗೆ ಬಂತು. ಅಡವಿಟ್ಟ ಆಸ್ತಿಯಿಲ್ಲದ ಸಾಲದಲ್ಲಿ ಹಿಂದಿರುಗಿಸಬೇಕಾದ ಕಾಗದವೂ ಇರುವುದಿಲ್ಲ.

ಗೃಹಸಾಲದ ವಿಷಯ ಬೇರೆ. ಶಾಖೆಗೆ ಜುಲೈ 14ರಂದು ಅರ್ಜಿ ಕೊಟ್ಟೆ, ಬೇಕಾಗಿದ್ದದ್ದು ಎರಡು ಕಾಗದ. ಒಂದು ಫೋರ್‌ಕ್ಲೋಶರ್ ಲೆಟರ್, ಅಂದರೆ ಇಂಥ ದಿನಕ್ಕೆ ಇಷ್ಟು ಬಾಕಿ, ತಡವಾದ ಪ್ರತಿ ದಿನಕ್ಕೆ ಇಷ್ಟು ಬಡ್ಡಿ ಎಂದು ಹೇಳುವ ಪತ್ರ. ಇನ್ನೊಂದು, ಬ್ಯಾಂಕಿನ ವಶದಲ್ಲಿರುವ ಮೂಲ ದಾಖಲೆಗಳ ಪಟ್ಟಿ. ಇವೆರಡೂ ಇಲ್ಲದೆ ಕೊಳ್ಳುವವರ ಬ್ಯಾಂಕು ಒಂದು ಪೈಸೆಯನ್ನೂ ಬಿಡುಗಡೆ ಮಾಡುವುದಿಲ್ಲ. ಎರಡೂ ಕೈಸೇರಿದ್ದು ಜುಲೈ 30ಕ್ಕೆ. ಇಲ್ಲಿ ಬ್ಯಾಂಕಿಗೆ ಸಲ್ಲಬೇಕಾದ ಮಾತೊಂದಿದೆ: ಪತ್ರದಲ್ಲಿ ಮುಕ್ತಾಯ ಶುಲ್ಕದ ಕಲಮಿನ ಎದುರು ಸೊನ್ನೆ ಇತ್ತು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗಳಿಂದ ಶುಲ್ಕ ವಸೂಲಿ ಮಾಡಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ, ಅದನ್ನು ಇವರು ಕೇಳದೆಯೇ ಪಾಲಿಸಿದರು. ಶೇ. 8.25ರ ಲೆಕ್ಕದಲ್ಲಿ ದಿನದ ಬಡ್ಡಿ 488 ರೂಪಾಯಿ ಎಂದೂ ಸ್ಪಷ್ಟವಾಗಿ ಬರೆದಿತ್ತು.

ಈ ನಡುವೆ ಮನೆ ಸಾಗಿಸುವ ಕೆಲಸ. ಆಷಾಢದಲ್ಲಿ ಹೊಸ್ತಿಲು ದಾಟುವುದಿಲ್ಲವೆಂದು ಅಮ್ಮ ಪಟ್ಟು ಹಿಡಿದದ್ದರಿಂದ, ಶ್ರಾವಣ ಹುಟ್ಟಿದ ಮೊದಲ ಭಾನುವಾರ, ಜುಲೈ 27ರಂದು, ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಗೆ ಸಾಮಾನು ಹೊರಟಿತು. ಎಲ್ಲ ಅಮ್ಮಂದಿರೂ ಅದೇ ಪಟ್ಟು ಹಿಡಿದಿದ್ದರೋ ಏನೋ, ಆಷಾಢದಲ್ಲಿ 19 ಸಾವಿರ ಹೇಳಿದ್ದ ಸಾಗಣೆಯವರು ಆ ದಿನಕ್ಕೆ 26 ಸಾವಿರ ಕೇಳಿದರು. ಕೆಲಸ ಮಾತ್ರ ಚೊಕ್ಕವಾಗಿತ್ತು. ಬೆಳಿಗ್ಗೆ ತುಂಬಿದ ಲಾರಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಖಾಲಿಯಾಗಿತ್ತು, ಒಂದು ಲೋಟವೂ ಒಡೆಯಲಿಲ್ಲ. ಅವರಿಗೆ ಐದಕ್ಕೆ ನಾಲ್ಕು.

ಕೊಳ್ಳುವವರ ಬ್ಯಾಂಕಿನಿಂದ ಬಾಕಿಯಷ್ಟೂ ಹಣ ಆಗಸ್ಟ್ 4ರ ಸೋಮವಾರ ನನ್ನ ಸಾಲದ ಖಾತೆಗೆ ಜಮೆಯಾಯಿತು. ಮಧ್ಯಾಹ್ನ ಎರಡು ಗಂಟೆಗೆ ಬಾಕಿ ಸೊನ್ನೆ ಎಂಬ ಸಂದೇಶ, ಸಂಜೆಯೊಳಗೆ ಅಭಿನಂದನೆಯ ಇಮೇಲ್, ಮರುದಿನ ಹೊಸ ಸಾಲ ಬೇಕೇ ಎಂದು ವಿಚಾರಿಸುವ ಫೋನ್ ಕರೆ. ಇಷ್ಟು ಚುರುಕಾದ ಸಂಸ್ಥೆ ಮೂಲ ಪತ್ರಗಳನ್ನು ವಾರದೊಳಗೆ ಕೊಡುತ್ತದೆಂದು ನಂಬಿದ್ದು ನನ್ನ ತಪ್ಪು. ಪತ್ರಗಳು ಶಾಖೆಯಲ್ಲಿರಲಿಲ್ಲ, ಊರಾಚೆಯ ದಾಖಲೆ ಭಂಡಾರದಲ್ಲಿದ್ದವು. ಅಲ್ಲಿಗೆ ಬೇಡಿಕೆ ಕಳುಹಿಸುವ ಮೊದಲು ಖಾತೆ ಮುಚ್ಚಬೇಕು, ಖಾತೆ ಮುಚ್ಚಲು ಸಾಲ ಸಂಸ್ಕರಣಾ ಕೇಂದ್ರದ ಅನುಮೋದನೆ ಬೇಕು, ಅನುಮೋದಿಸಬೇಕಾದ ಅಧಿಕಾರಿ ರಜೆಯಲ್ಲಿದ್ದರು. ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ, 15ಕ್ಕೆ ಸ್ವಾತಂತ್ರ್ಯ ದಿನ, 27ಕ್ಕೆ ಗಣೇಶ ಚತುರ್ಥಿ. ಮೈಸೂರಿನಿಂದ ಬೆಳಗಿನ ರೈಲು ಹಿಡಿದು ನಾಲ್ಕು ಬಾರಿ ಶಾಖೆಗೆ ಹೋದೆ, ನಾಲ್ಕು ಬಾರಿಯೂ 'ಬರುತ್ತೆ ಸಾರ್' ಎಂಬ ಒಂದೇ ಉತ್ತರ ಬಂತು.

ನಿಯಮ ಏನು ಹೇಳುತ್ತದೆಂದು ಆಗ ಓದಿಕೊಂಡೆ. 2023ರ ಸೆಪ್ಟೆಂಬರ್ 13ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಿ, ನೋಂದಣಿಯಾದ ಋಣಭಾರವನ್ನೂ ತೆಗೆಸಬೇಕು. ತಡಕ್ಕೆ ಬ್ಯಾಂಕೇ ಕಾರಣವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲಗಾರನ ಪರವಾದ ಒಳ್ಳೆಯ ನಿಯಮ, ಸಂದೇಹವಿಲ್ಲ. ಆದರೆ ನನ್ನ ಶಾಖೆಯಲ್ಲಿ ಅದು ಬೇರೆಯದೇ ರೂಪ ತಾಳಿತ್ತು: ಮೂವತ್ತು ದಿನವೆಂಬುದು ದಾಟಬಾರದ ಗಡಿಯಾಗುವ ಬದಲು, ಆರಾಮವಾಗಿ ಬಳಸಿಕೊಳ್ಳಬಹುದಾದ ಹಕ್ಕಾಗಿತ್ತು. ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯೋಣವೆಂದರೆ ಮೊದಲು ಬ್ಯಾಂಕಿಗೇ ದೂರು ಕೊಟ್ಟು, ಅವರು ಉತ್ತರಿಸದಿದ್ದರೆ 30 ದಿನ ಕಾಯಬೇಕು.

ಆ ಹಕ್ಕಿನ ಬೆಲೆಯನ್ನು ನಾನು ತೆತ್ತೆ. ಆಸ್ತಿ ನೋಂದಣಿ ಶುಲ್ಕವನ್ನು ಕರ್ನಾಟಕ ಸರ್ಕಾರ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಿತು. 68 ಲಕ್ಷದ ಕ್ರಯಪತ್ರಕ್ಕೆ ಅದು 68,000 ರೂಪಾಯಿಯ ಹೆಚ್ಚುವರಿ ಹೊರೆ. ಮೂಲ ಪತ್ರಗಳನ್ನು ನೋಡದೆ ಕೊಳ್ಳುವವರ ಬ್ಯಾಂಕು ಉಳಿದ ಹಣ ಕೊಡುವುದಿಲ್ಲ, ಉಳಿದ ಹಣ ಬಾರದೆ ನಾನು ಕ್ರಯಪತ್ರಕ್ಕೆ ಸಹಿ ಹಾಕುವುದಿಲ್ಲ. ಎಲ್ಲ ನಿಂತದ್ದು ಆ ಒಂದು ಲಕೋಟೆಯ ಮೇಲೆ. ಲಕೋಟೆ ಬಂದದ್ದು ಸೆಪ್ಟೆಂಬರ್ 1ರಂದು, ಹಣ ಕಟ್ಟಿದ 28ನೆಯ ದಿನ. ನಿಯಮದ ಪ್ರಕಾರ ಬ್ಯಾಂಕಿನ ತಪ್ಪೇನೂ ಇಲ್ಲ, ಪರಿಹಾರವೂ ಇಲ್ಲ. ನೋಂದಣಿಯ ಖರ್ಚೆಲ್ಲ ಕೊಳ್ಳುವವರದೆಂದು ಕರಾರಿನಲ್ಲಿದ್ದರೂ, ಆಗಸ್ಟ್ ಮುಗಿಯುವುದರೊಳಗೆ ಪತ್ರ ಒಪ್ಪಿಸುವುದು ನನ್ನ ಹೊಣೆಯೆಂದೂ ಅದೇ ಕರಾರಿನಲ್ಲಿತ್ತಾದ್ದರಿಂದ, ಮಾತುಕತೆಯ ಕೊನೆಗೆ ತಲಾ 34,000 ಹಂಚಿಕೊಂಡೆವು. ಬೆಲೆ 50 ಲಕ್ಷ ಮೀರಿದ್ದರಿಂದ ಕೊಳ್ಳುವವರು ಮುರಿದುಕೊಂಡ ಶೇ. 1ರ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕೂಡ ಕಾಕತಾಳೀಯವಾಗಿ 68,000. ಅದಾದರೂ ತೆರಿಗೆ ಲೆಕ್ಕದಲ್ಲಿ ನನ್ನ ಹೆಸರಿಗೇ ಜಮೆಯಾಗುತ್ತದೆ.

ಕೊನೆಯ ಭೇಟಿಯಲ್ಲಿ ಸರತಿಯಲ್ಲಿದ್ದ ಹಿರಿಯರೊಬ್ಬರು ತಿಳಿಸಿದ ಸಂಗತಿ ನನಗೆ ಮೊದಲೇ ಗೊತ್ತಿದ್ದರೆ ಈ ವಿಮರ್ಶೆ ಬೇರೆಯ ತೆರನಾಗಿರುತ್ತಿತ್ತು. ಸಾಲ ತೀರಿಸುವ ಮೊದಲೇ, ಫೋರ್‌ಕ್ಲೋಶರ್ ಲೆಟರ್ ಕೇಳುವಾಗಲೇ, ದಾಖಲೆಗಳನ್ನು ಭಂಡಾರದಿಂದ ಶಾಖೆಗೆ ತರಿಸಿಡಿ ಎಂದು ಪ್ರತ್ಯೇಕ ಪತ್ರ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬಹುದಂತೆ. ಹೌದೇ ಎಂದು ವ್ಯವಸ್ಥಾಪಕರನ್ನು ಕೇಳಿದರೆ, ಹೌದು, ನೀವು ಕೇಳಲಿಲ್ಲವಲ್ಲ ಎಂದರು. ಕಳೆದ ಎರಡು ನಕ್ಷತ್ರಗಳು ತಡಕ್ಕಾದರೆ, ಮೂರನೆಯದು ಈ ಉತ್ತರಕ್ಕೆ.

ಪತ್ರಗಳು ಬಂದ ಮೇಲಿನದು ಸಲೀಸಾಗಿ ನಡೆಯಿತು. ಪಟ್ಟಿಯಲ್ಲಿದ್ದ 11 ದಾಖಲೆಗಳನ್ನೂ ಪುಟ ಎಣಿಸಿ ಒಪ್ಪಿಸಿದರು. ಬಿಲ್ಡರ್ ಕೊಟ್ಟಿದ್ದ ಸ್ವಾಧೀನ ಪತ್ರ ಪಟ್ಟಿಯಲ್ಲಿಲ್ಲದಿದ್ದರೂ ಲಕೋಟೆಯಲ್ಲಿತ್ತು. ಸೆಪ್ಟೆಂಬರ್ 4ರಂದು ಉಪನೋಂದಣಿ ಕಚೇರಿಗೆ ಬ್ಯಾಂಕಿನ ಅಧಿಕಾರಿ ಹೇಳಿದ ಸಮಯಕ್ಕೆ ಬಂದು ಅಡಮಾನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದರು, ಅದರ ಬೆನ್ನಿಗೇ ಕ್ರಯಪತ್ರವೂ ನೋಂದಣಿಯಾಯಿತು. ಇ-ಖಾತಾ ಮೊದಲೇ ಮಾಡಿಸಿಟ್ಟಿದ್ದರಿಂದ ಆ ಬಾಗಿಲಲ್ಲಿ ನಿಲ್ಲಬೇಕಾಗಲಿಲ್ಲ.

ಸೆಪ್ಟೆಂಬರ್ 10ರಂದು ಮಾತ್ರ ಹಳೆಯ ಅಭ್ಯಾಸದಂತೆ ನನ್ನ ಉಳಿತಾಯ ಖಾತೆಯಿಂದ 29,828 ರೂಪಾಯಿ ಕಡಿತವಾಯಿತು. ತೀರಿಹೋದ ಸಾಲಕ್ಕೆ ಕಂತು! ಖಾತೆ ಮುಚ್ಚಿದರೂ ಸ್ವಯಂಚಾಲಿತ ಕಡಿತದ ಆದೇಶವನ್ನು ಯಾರೂ ರದ್ದುಮಾಡಿರಲಿಲ್ಲ. ಹಣ ಒಂಬತ್ತು ದಿನದ ನಂತರ ಹಿಂದೆ ಬಂತು, ಬಡ್ಡಿಯಿಲ್ಲದೆ. ಆ ಆದೇಶವನ್ನು ನಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ರದ್ದುಮಾಡಬಹುದು. ಸಾಲದ ಹಣ ಜಮೆಯಾದ ದಿನವೇ ಮಾಡಿಬಿಡುವುದು ಒಳಿತು.

ಸಾಲಗಳ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ವೈಯಕ್ತಿಕ ಸಾಲ ಜುಲೈನಲ್ಲೇ ಮುಕ್ತಾಯವೆಂದು ದಾಖಲಾಗಿತ್ತು. ಗೃಹಸಾಲ ಅಕ್ಟೋಬರ್ ಮೊದಲ ವಾರದವರೆಗೂ ಚಾಲ್ತಿಯಲ್ಲಿರುವಂತೆಯೇ ತೋರಿಸುತ್ತಿತ್ತು. ಋಣಮುಕ್ತ ಪತ್ರವನ್ನು ಲಗತ್ತಿಸಿ ದೂರು ಸಲ್ಲಿಸಿದ ಮೇಲೆ ತಿಂಗಳ ಮಧ್ಯದಲ್ಲಿ ಸರಿಹೋಯಿತು. ನವೆಂಬರ್‌ನಲ್ಲಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿದೆ: 2016ರ ಅಡಮಾನ, ಅದರ ಕೆಳಗೆ ಬಿಡುಗಡೆ, ಅದರ ಕೆಳಗೆ ಹೊಸ ಮಾಲೀಕರ ಹೆಸರು, ಅದರ ಕೆಳಗೆ ಅವರ ಬ್ಯಾಂಕಿನ ಅಡಮಾನ.